ಹೊತ್ತು ಗೊತ್ತಿಲ್ಲದ ಓಟ

ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟೂಕಾಲು. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ರಸ್ತೆಯ ಬದಿಗೆ ಒಂದು ಬೇವಿನ ಗಿಡದ ಕೆಳಗೆ ಕೂತಿದ್ದೆ. ಕೂತಿದ್ದೆ ಅನ್ನುವುದಕ್ಕಿಂತ ಕುಸಿದಿದ್ದೆ ಅಂದರೆ ಸರಿ. ವಾಚು 14.2 ಕಿಲೋಮೀಟರ್ ತೋರಿಸುತ್ತಿತ್ತು. ಪ್ಲಾನ್ ಪ್ರಕಾರ ಇನ್ನೂ ಹತ್ತು ಬಾಕಿ. ಎದೆಬಡಿತ 178. ಮೂರು ತಿಂಗಳ ಹಿಂದೆ ಮುಂಬೈಯಲ್ಲಿ 42.195 ಕಿಲೋಮೀಟರ್ ಮುಗಿಸಿ, ಕೊರಳಲ್ಲಿ ಮೆಡಲ್ ಹಾಕಿಕೊಂಡು ವಡಾಪಾವ್ ತಿಂದ ಅದೇ ಕಾಲುಗಳು ಈಗ ಯಾರವೋ ಅನ್ನಿಸುತ್ತಿದ್ದವು.

ಅದೇ ನೆರಳಲ್ಲಿ ಒಬ್ಬ ಅಜ್ಜ ಆಡು ಬಿಟ್ಟುಕೊಂಡು ಕೂತಿದ್ದ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಕೆಂಪು ಶಾರ್ಟ್ಸು, ಹಸಿರು ಬೂಟು.

"ಬಸ್ ತಪ್ಪೇತೇನ್ ತಮ್ಮಾ?"

"ಇಲ್ರೀ ಅಜ್ಜಾರ, ಓಡಾಕ ಬಂದಿದ್ದೆ."

"ಯಾರರೇ ಬೆನ್ನ ಹತ್ಯಾರೇನ?"

"ಇಲ್ರೀ. ಹಂಗ, ಸುಮ್ನ."

ಅಜ್ಜ ಸ್ವಲ್ಪ ಹೊತ್ತು ಯೋಚಿಸಿ ಅಂದ: "ಸುಮ್ನ ಓಡಾಕಾದ್ರೂ ಒಂದ ಹೊತ್ತು ಗೊತ್ತು ಬ್ಯಾಡೇನೋ?"

ನಾನು ನಕ್ಕೆ. ಉತ್ತರ ಕೊಡಲಿಲ್ಲ. ಆದರೆ ಆ ಮಾತು ಬಿಡಲಿಲ್ಲ. ಯಾಕೆಂದರೆ ಆ ವಾರ ರಾತ್ರಿ ರಾತ್ರಿ ನಾನು ಎರಡನೇ ಸಲ ಓದುತ್ತಿದ್ದ ಪುಸ್ತಕದಲ್ಲೂ ಹೆಚ್ಚು ಕಡಿಮೆ ಇದೇ ಮಾತು ಬರುತ್ತದೆ. ಮೊದಲ ಓದಿನಲ್ಲಿ ನಾನು ಅದನ್ನು ದಾಟಿಕೊಂಡು ಹೋಗಿಬಿಟ್ಟಿದ್ದೆ.

ಪುಸ್ತಕ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದೇ. ಹರುಕಿ ಮುರಕಾಮಿಯ 'ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್'. ಜಪಾನಿಯಲ್ಲಿ ಬಂದದ್ದು 2007ರಲ್ಲಿ, ಫಿಲಿಪ್ ಗೇಬ್ರಿಯಲ್ ಇಂಗ್ಲಿಷಿಗೆ ತಂದದ್ದು ಮರುವರ್ಷ. ಬೆಂಗಳೂರಿನ ಯಾವುದೇ ರನ್ನಿಂಗ್ ಗ್ರೂಪಿಗೆ ಸೇರಿ, ಆರು ತಿಂಗಳೊಳಗೆ ಯಾರಾದರೂ ಒಬ್ಬರು ಇದನ್ನು ನಿಮ್ಮ ಕೈಗಿಡುತ್ತಾರೆ. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಪುಸ್ತಕ ಅದು. ದಿನವಿಡೀ ಕುರ್ಚಿಯಲ್ಲಿ ಕೂತು ಒಬ್ಬನೇ ದುಡಿಯುವವನು, ಮೂವತ್ತು ದಾಟಿದ ಮೇಲೆ ಮೈ ಬೆಳೆಯುತ್ತಿದೆ ಅಂತ ಗಾಬರಿಯಾಗಿ ಬೂಟು ಕಟ್ಟಿದವನು. ಮುರಕಾಮಿ ಓಡಲು ಶುರು ಮಾಡಿದ್ದು 1982ರಲ್ಲಿ, 33ನೇ ವಯಸ್ಸಿಗೆ. ನಾನು ಶುರು ಮಾಡಿದ್ದು 32ಕ್ಕೆ. ಇಷ್ಟು ಸಾಕಲ್ಲ, ನಾವಿಬ್ಬರೂ ದೋಸ್ತರು ಅಂದುಕೊಳ್ಳೋಕೆ!

ಅದರಲ್ಲಿ ಗ್ರೀಸಿನ ಒಂದು ಅಧ್ಯಾಯವಿದೆ. 1983ರ ಜುಲೈ. ಒಂದು ಪತ್ರಿಕೆಯ ಲೇಖನಕ್ಕಾಗಿ ಮುರಕಾಮಿ ಅಥೆನ್ಸಿನಿಂದ ಮ್ಯಾರಥಾನ್ ಊರಿನವರೆಗೆ ಒಬ್ಬನೇ ಓಡುತ್ತಾನೆ. ದಂತಕಥೆಯ ಸೈನಿಕ ಓಡಿದ್ದಕ್ಕೆ ಉಲ್ಟಾ ದಿಕ್ಕು, ಊರೊಳಗಿನ ಟ್ರಾಫಿಕ್ ತಪ್ಪಿಸಬೇಕಲ್ಲ. ಪಕ್ಕದಲ್ಲಿ ಒಂದು ವ್ಯಾನು, ಒಬ್ಬ ಫೋಟೋಗ್ರಾಫರ್. ಅಷ್ಟು ದೂರವನ್ನು ಈ ಮನುಷ್ಯ ನಿಜವಾಗಿ ಓಡುತ್ತಾನೆ ಅಂತ ಫೋಟೋಗ್ರಾಫರ್ ಅಂದುಕೊಂಡೇ ಇರಲಿಲ್ಲ, ಇಂಥ ಲೇಖನಗಳಲ್ಲಿ ಅಲ್ಲಲ್ಲಿ ಓಡಿದಂತೆ ಮಾಡಿ ಫೋಟೋ ತೆಗೆಸಿಕೊಳ್ಳುವುದೇ ರೂಢಿಯಂತೆ. ಈತ ಪೂರ್ತಿ ಓಡಿಬಿಡುತ್ತಾನೆ. ಬಿಸಿಲು ಏರುತ್ತದೆ, ಬೆವರು ಆರಿ ಮೈಮೇಲೆ ಉಪ್ಪಾಗಿ ಉಳಿಯುತ್ತದೆ. ರಸ್ತೆಯಲ್ಲಿ ಸತ್ತುಬಿದ್ದ ನಾಯಿ, ಬೆಕ್ಕುಗಳನ್ನು ಎಣಿಸುತ್ತಾ ಹೋಗುತ್ತಾನೆ. ಕೊನೆಗೆ ತಣ್ಣನೆಯ ಬಿಯರಿನ ಕನಸು ಕಾಣುತ್ತಾ ಮುಟ್ಟುತ್ತಾನೆ. ಬಿಯರ್ ಸಿಗುತ್ತದೆ. ಕನಸಿನಲ್ಲಿ ಕಂಡಷ್ಟು ರುಚಿ ಇರಲಿಲ್ಲ ಅಂತ ಬರೆಯುತ್ತಾನೆ.

ಈ ಬಿಯರಿನ ಮಾತಿಗಾಗಿಯೇ ನನಗೆ ಈ ಲೇಖಕ ಇಷ್ಟ. ಗೆದ್ದ ಮೇಲೂ ಸುಳ್ಳು ಹೇಳುವುದಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಓಡುವ ಮೊದಲು ಆತ ಅಥೆನ್ಸಿನ ಜನಕ್ಕೆ ತನ್ನ ಪ್ಲಾನ್ ಹೇಳಿದಾಗ ಅವರೆಲ್ಲ ಬೇಡ ಅನ್ನುತ್ತಾರೆ. ಬುದ್ಧಿ ಸರಿ ಇದ್ದವರು ಈ ಬೇಸಿಗೆಯಲ್ಲಿ ಹಾಗೆ ಮಾಡುವುದಿಲ್ಲ ಎಂಬರ್ಥದ ಮಾತು. ಮುರಕಾಮಿ ಅದನ್ನು ತಮಾಷೆಯಾಗಿ ಬರೆದು ಮುಂದೆ ಹೋಗುತ್ತಾನೆ. ಓದುವ ನಾವೂ ಮುಂದೆ ಹೋಗುತ್ತೇವೆ. ನಮಗೆ ಅವರು ಹೀರೋನ ದಾರಿಗೆ ಅಡ್ಡ ಬರುವ ಸೈಡ್ ಕ್ಯಾರೆಕ್ಟರುಗಳು. ಬೇವಿನ ಗಿಡದ ಕೆಳಗೆ ಕೂತಾಗ ನನಗೆ ಹೊಳೆದದ್ದು ಇದು: ಆ ಇಡೀ ಅಧ್ಯಾಯದಲ್ಲಿ ಆ ಬಿಸಿಲನ್ನು ಹುಟ್ಟಿದಾಗಿನಿಂದ ಬಲ್ಲವರು ಅವರು ಮಾತ್ರ. ಅವರ ಪಾಲಿಗೆ ಬಂದದ್ದು ಒಂದೆರಡು ಸಾಲು.

ನನ್ನ ತಕರಾರು ಇಲ್ಲಿದೆ. ಓಟದ ಬಗ್ಗೆ ನಾವು ಓದುವ ಬರವಣಿಗೆಯಲ್ಲಿ ಬಿಸಿಲು ಯಾವಾಗಲೂ ಒಬ್ಬ ವಿಲನ್. ಅವನನ್ನು ಮನಸ್ಸಿನ ಬಲದಿಂದ ಹೊಡೆಯಬೇಕು. ಈ ಪುಸ್ತಕದ ಮುನ್ನುಡಿಯಲ್ಲಿ ನೋವು ಮತ್ತು ನರಳಾಟದ ಬಗ್ಗೆ ಬರುವ ಆ ಒಂದು ವಾಕ್ಯ ನಿಮಗೆ ಗೊತ್ತೇ ಇರುತ್ತದೆ. ಟೀಶರ್ಟಿನ ಮೇಲಿದೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿದೆ. ಅದು ಮುರಕಾಮಿಯ ಸ್ವಂತ ಮಾತೂ ಅಲ್ಲ. ಪೇಪರಿನಲ್ಲಿ ಓದಿದ್ದು, ಒಬ್ಬ ಓಟಗಾರ ತನ್ನ ಅಣ್ಣನಿಂದ ಕಲಿತ ಮಂತ್ರ ಅಂತ ಆತನೇ ಬರೆದಿದ್ದಾನೆ. ನೋವು ಬರುತ್ತದೆ, ನರಳುವುದು ಬಿಡುವುದು ನಿನ್ನ ಕೈಯಲ್ಲಿದೆ ಅನ್ನುವ ಧಾಟಿ ಅದು. ಎಸಿ ರೂಮಿನಲ್ಲಿ ಓದಿದಾಗ ಮೈ ಜುಮ್ಮೆನ್ನುತ್ತದೆ.

ಆದರೆ ದೇಹದ ಲೆಕ್ಕ ಬೇರೆ. ಕೋಡ್ ಬರೆಯುವವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ: ರಿಸೋರ್ಸ್ ಒಂದೇ, ಕೇಳುವವರು ಇಬ್ಬರು. ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ಬೇಕು. ಬಿಸಿಲಿನಲ್ಲಿ ಮೈ ತಣ್ಣಗಾಗಲು ಚರ್ಮಕ್ಕೂ ರಕ್ತ ಬೇಕು. ಬೆವರು ಸುರಿದಷ್ಟೂ ರಕ್ತದೊಳಗಿನ ನೀರು ಇಳಿಯುತ್ತದೆ. ಇಬ್ಬರಿಗೂ ಪೂರೈಸಲು ಹೃದಯ ಜೋರಾಗಿ ಬಡಿಯುತ್ತದೆ. ಅದಕ್ಕೇ ಜನವರಿಯಲ್ಲಿ 150ಕ್ಕೆ ಓಡಿದ ವೇಗಕ್ಕೆ ಏಪ್ರಿಲ್‌ನಲ್ಲಿ 178. ಮ್ಯಾರಥಾನ್ ಮುಗಿಸಿದವನೆಂಬ ಹೆಮ್ಮೆ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಹತ್ತು ಹದಿನಾಲ್ಕು ದಿನ ಸ್ವಲ್ಪ ಸ್ವಲ್ಪವೇ ಬಿಸಿಗೆ ಒಡ್ಡಿಕೊಂಡರೆ ಮೈ ತಾನೇ ಕಲಿಯುತ್ತದೆ. ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ನಾಲ್ಕು ವಾರ ಬಿಟ್ಟರೆ ಅಷ್ಟೂ ಮರೆತುಹೋಗುತ್ತದೆ. ನಾನು ಬೆಂಗಳೂರಿನಿಂದ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಿಳಿದ ಮೂರನೇ ದಿನಕ್ಕೆ, ಏಳೂವರೆಗಂಟೆ ನಿದ್ದೆ ಮಾಡಿ, ಆರೂವರೆಗೆ ಮನೆ ಬಿಟ್ಟು 24 ಕಿಲೋಮೀಟರ್ ಓಡಲು ಹೊರಟಿದ್ದೆ. ಆ್ಯಪ್ ಹೇಳಿತ್ತು. ಆ್ಯಪಿಗೆ ಬೈಲಹೊಂಗಲದ ಏಪ್ರಿಲ್ ಗೊತ್ತಿಲ್ಲ. ನನಗೆ ಗೊತ್ತಿತ್ತು, ಮರೆತಿದ್ದೆ.

ಮರೆತಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ.

ಅವತ್ತು ಒಬ್ಬರ ಬೈಕು ಹತ್ತಿ ಮನೆಗೆ ಬಂದಾಗ ಅವ್ವ ಏನೂ ಅನ್ನಲಿಲ್ಲ. ಮಜ್ಜಿಗೆ ಕೊಟ್ಟಳು. ಸಂಜೆ ನೋಡಿದರೆ ಬೂಟು ಕಾಣಲಿಲ್ಲ. ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದಳು. ಮೂವತ್ತಾರು ವರ್ಷದ, ಇಎಂಐ ಕಟ್ಟುವ ಮಗನ ಬೂಟನ್ನು! ನನಗೆ ನಗು ಬಂತು. ಅಪ್ಪ ಮಾತ್ರ ನಗಲಿಲ್ಲ. "ನಿಮ್ಮ ಕಾಕಾನ ಮಾರಿ ನೋಡಿದಂಗಾತಂತ ಆಕಿಗೆ" ಅಂದ.

ಸಣ್ಣ ಕಾಕಾ ತೀರಿಕೊಂಡದ್ದು 2006ರ ಮೇ ತಿಂಗಳಲ್ಲಿ. ನಾನು ಪಿಯುಸಿಯಲ್ಲಿದ್ದೆ. ಕಾಕಾ ಊರಾಚೆಯ ಇಟ್ಟಂಗಿ ಭಟ್ಟಿಗೆ ಹೋಗುತ್ತಿದ್ದ. ಅಲ್ಲಿ ದಿನಕ್ಕಿಷ್ಟು ಅಂತ ಪಗಾರ ಇರಲಿಲ್ಲ, ಸಾವಿರ ಇಟ್ಟಂಗಿಗೆ ಇಷ್ಟು ಅಂತ ಲೆಕ್ಕ. ಮಧ್ಯಾಹ್ನ ಎರಡರ ಸುಮಾರಿಗೆ ಬಿದ್ದ. ಮೈ ಸುಡುತ್ತಿತ್ತು, ಬೆವರು ಇರಲಿಲ್ಲ, ಏನೇನೋ ಮಾತಾಡುತ್ತಿದ್ದ ಅಂತ ಜೊತೆಗಿದ್ದವರು ಹೇಳಿದರು. ಮರುದಿನ ಬೆಳಿಗ್ಗೆ ಹೋದ. ಕಾಗದದಲ್ಲಿ ಹಾರ್ಟ್ ಅಂತ ಬರೆದಿದ್ದರು. ಅವನಿಗೆ ಆಗಿದ್ದಕ್ಕೆ ಹೀಟ್ ಸ್ಟ್ರೋಕ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಮ್ಯಾರಥಾನಿಗೆ ತಯಾರಾಗಲು ಓದಿದ ಒಂದು ಲೇಖನದಿಂದ. ಮನೆಯಲ್ಲಿ ಅದನ್ನು "ಬಿಸಲ ಬಡದಿತ್ತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ.

ಅದೇ ತಿಂಗಳು ಟಿವಿಯಲ್ಲಿ ಇನ್ನೊಂದು ಸುದ್ದಿ ಓಡುತ್ತಿತ್ತು. ಒಡಿಶಾದ ಬುಧಿಯಾ ಸಿಂಗ್. ನಾಲ್ಕು ವರ್ಷದ ಹುಡುಗ 2006ರ ಮೇ 2ರಂದು ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿದ್ದ, ಏಳು ಗಂಟೆ. ಕಾಕಾ ಬದುಕಿದ್ದಾಗಲೇ ಅದನ್ನು ನಾವೆಲ್ಲ ಕೂತು ನೋಡಿದ್ದೆವು. ಚಪ್ಪಾಳೆ ಹೊಡೆದಿದ್ದೆವು. ಹತ್ತು ವರ್ಷದ ನಂತರ, 2016ರಲ್ಲಿ, ಸೌಮೇಂದ್ರ ಪಾಧಿ ಅದನ್ನು ಸಿನಿಮಾ ಮಾಡಿದರು. ಕೋಚ್ ಬಿರಂಚಿ ದಾಸ್ ಪಾತ್ರದಲ್ಲಿ ಮನೋಜ್ ಬಾಜಪೇಯಿ. ಒಳ್ಳೆಯ ಚಿತ್ರ, ಕೋಚ್‌ನನ್ನು ದೇವರೂ ಮಾಡುವುದಿಲ್ಲ, ರಾಕ್ಷಸನೂ ಮಾಡುವುದಿಲ್ಲ. ಆದರೆ ಚಿತ್ರದ ಎಲ್ಲ ಜಗಳವೂ ಕೋಚ್ ಮತ್ತು ಸರ್ಕಾರದ ನಡುವೆ: ಹುಡುಗ ಯಾರ ಪಾಲಿಗೆ, ಓಡಬೇಕೋ ಬೇಡವೋ. ಮೇ ತಿಂಗಳ ಬಿಸಿಲು ಅಲ್ಲೂ ಹಿನ್ನೆಲೆಗೆ ಸರಿಯುತ್ತದೆ. ಆ ಹುಡುಗ ಕುಸಿದದ್ದನ್ನು ನಾವು ಛಲದ ಕತೆ ಅಂತಲೋ ಶೋಷಣೆಯ ಕತೆ ಅಂತಲೋ ನೋಡಿದೆವು, ಅದೇ ತಿಂಗಳು ಎಷ್ಟು ದೇಹಗಳು ಯಾವ ಕ್ಯಾಮೆರಾವೂ ಇಲ್ಲದೆ ಹಾಗೇ ಕುಸಿಯುತ್ತಿದ್ದವು ಅಂತ ನೋಡಲಿಲ್ಲ.

ನೋವು ನಿಶ್ಚಿತ, ನರಳಾಟ ಐಚ್ಛಿಕ ಅನ್ನುವ ತತ್ವಕ್ಕೆ ಕಾಕಾ ಏನನ್ನುತ್ತಿದ್ದ? ಅವನಿಗೆ ಐಚ್ಛಿಕ ಅಂತ ಒಂದು ವಿಷಯ ಇದ್ದದ್ದೇ ಹೊತ್ತು. ಬೆಳಿಗ್ಗೆ ನಾಲ್ಕಕ್ಕೆ ಶುರು ಮಾಡಿ ಹತ್ತಕ್ಕೆ ಬಿಡುವ ಸ್ವಾತಂತ್ರ್ಯ. ಅದನ್ನು ಇಟ್ಟಂಗಿಯ ಲೆಕ್ಕ ಕಸಿದುಕೊಂಡಿತ್ತು. ನನಗೆ ಆ ಸ್ವಾತಂತ್ರ್ಯ ಪೂರ್ತಿ ಇತ್ತು, ನಾನು ಅದನ್ನು ಹಾಸಿಗೆಯಲ್ಲಿ ಕಳೆದುಕೊಂಡು ಆಮೇಲೆ ಬಿಸಿಲಿನ ಜೊತೆ ಕುಸ್ತಿಗೆ ಇಳಿದೆ. ಇದನ್ನು ಛಲ ಅಂತ ಕರೆಯುವುದಕ್ಕೆ ನಾಚಿಕೆಯಾಗಬೇಕು.

ಇದು ಹಳ್ಳಿಯವರ ಹೆದರಿಕೆ, ದೊಡ್ಡ ಓಟಗಾರರು ಹೀಗೆ ಯೋಚಿಸುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಅವರ ಕತೆಯನ್ನೂ ನೋಡಿ. 2019ರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ದೋಹಾದಲ್ಲಿ ನಡೆದಾಗ ಹೆಂಗಸರ ಮ್ಯಾರಥಾನ್ ಶುರುವಾದದ್ದು ಮಧ್ಯರಾತ್ರಿ. ಆಗಲೂ 32 ಡಿಗ್ರಿಯ ಆಸುಪಾಸು, ಮೇಲೆ ಸಮುದ್ರದ ಸೆಖೆ. ಹೊರಟವರು 68, ಮುಟ್ಟಿದವರು 40. ಜಗತ್ತಿನ ಅತ್ಯಂತ ಗಟ್ಟಿ ಮನಸ್ಸಿನ 28 ಜನ ನಡುವೆಯೇ ನಿಂತರು. ಅದನ್ನು ನೋಡಿಯೇ ಟೋಕಿಯೋ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಉತ್ತರದ ಸಪ್ಪೊರೊಗೆ ಸಾಗಿಸಿದರು. 2021ರ ಆಗಸ್ಟಿನಲ್ಲಿ ಅಲ್ಲೂ ಸೆಖೆ ಅಂತಾದಾಗ ಹೆಂಗಸರ ಓಟವನ್ನು ಹಿಂದಿನ ರಾತ್ರಿ ಒಂದು ಗಂಟೆ ಹಿಂದಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ಬಿಟ್ಟರು. ಊರು ಬದಲಿಸಿದರು, ಗಡಿಯಾರ ಬದಲಿಸಿದರು. ಯಾರೂ ಮಂತ್ರ ಹೇಳಲಿಲ್ಲ.

ನಮ್ಮ ಸರ್ಕಾರಕ್ಕೂ ಇದು ಗೊತ್ತು. ರಾಮದುರ್ಗ ದಾಟಿ ಬಾಗಲಕೋಟೆ ಜಿಲ್ಲೆಗೆ ಕಾಲಿಟ್ಟರೆ, ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಆಫೀಸುಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ. ಕಲಬುರಗಿ ವಿಭಾಗದಲ್ಲೂ, ವಿಜಯಪುರದಲ್ಲೂ ಹಾಗೆಯೇ. ನರೇಗಾ ಕೆಲಸದಲ್ಲಿ ಬೇಸಿಗೆಗೆ ಮಣ್ಣು ಅಗೆಯುವ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟು ಕೂಲಿ ಅಷ್ಟೇ ಕೊಡುವ ಪದ್ಧತಿ ನಮ್ಮ ಕಡೆ ಇತ್ತು. ಅಂದರೆ ಮೇ ತಿಂಗಳ ಒಂದು ಬುಟ್ಟಿ ಮಣ್ಣು ಜನವರಿಯ ಒಂದು ಬುಟ್ಟಿಗಿಂತ ಭಾರ ಅಂತ ಕಾಗದದ ಮೇಲೆ ಒಪ್ಪಿಕೊಂಡ ಹಾಗಾಯಿತು. ನನ್ನ ಸ್ಟ್ರಾವಾ ಇದನ್ನು ಇನ್ನೂ ಒಪ್ಪಿಕೊಂಡಿಲ್ಲ. ಅದಕ್ಕೆ ಕಿಲೋಮೀಟರ್ ಅಂದರೆ ಕಿಲೋಮೀಟರ್.

ಎರಡು ವಾರ ಬಿಟ್ಟು ದವನದ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಕಡೆ ಹೋಗಿದ್ದೆ. ಈ ಸಲ ನಾಲ್ಕು ಗಂಟೆಗೆ ಎದ್ದು, ಬೆಳದಿಂಗಳಲ್ಲಿ. ಎಲ್ಲಮ್ಮನ ಗುಡ್ಡದ ರಸ್ತೆಯಲ್ಲಿ ನಾನೊಬ್ಬನೇ ಇರಬಹುದು ಅಂದುಕೊಂಡಿದ್ದೆ. ರಸ್ತೆ ತುಂಬ ಜನ. ನಡೆದು ಹೋಗುವವರು, ಚಕ್ಕಡಿಯಲ್ಲಿ ಹೋಗುವವರು, ಬರಿಗಾಲಲ್ಲಿ ಹೋಗುವ ಮುದುಕಿಯರು. ರಾತ್ರಿಯಿಡೀ ನಡೆದಿದ್ದರು. ಹೊತ್ತು ಏರುವುದರೊಳಗೆ ಜೋಗುಳಬಾವಿಯಲ್ಲಿ ಜಳಕ ಮುಗಿಸಿ ಗುಡ್ಡ ಹತ್ತಿದರೆ, ಮಧ್ಯಾಹ್ನ ನೆರಳು ಹಿಡಿದು ಮಲಗುವ ಲೆಕ್ಕ. ಒಬ್ಬಾಕೆಯನ್ನು ಕೇಳಿದೆ, ಎಷ್ಟು ದಿನ ಆತ್ರಿ ನಡದು ಅಂತ. "ಮೂರ ರಾತ್ರಿ" ಅಂದಳು. ದಿನ ಅನ್ನಲಿಲ್ಲ, ರಾತ್ರಿ ಅಂದಳು. ಉಧೋ ಉಧೋ ಅನ್ನುತ್ತಾ ಅವರು ನಡೆಯುವ ವೇಗಕ್ಕೇ ನಾನೂ ಇಳಿದೆ. ಎದೆಬಡಿತ 138. ಆರೂವರೆಗೆ ನಿಲ್ಲಿಸಿದೆ, 16 ಕಿಲೋಮೀಟರಿಗೆ. ರೇಣುಕಾಸಾಗರದ ಕಡೆಯಿಂದ ಸ್ವಲ್ಪ ತಂಪು ಗಾಳಿ ಬರುತ್ತಿತ್ತು.

ಇದನ್ನು ಭಕ್ತಿಯ ಮಹಿಮೆ ಅಂತಲೋ, ಹಳ್ಳಿಯವರ ಜ್ಞಾನ ದೊಡ್ಡದು ಅಂತಲೋ ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಕಾಕಾನೂ ಹಳ್ಳಿಯವನೇ, ಅವನಿಗೂ ಹೊತ್ತಿನ ಜ್ಞಾನ ಇತ್ತು, ಅದು ಅವನನ್ನು ಉಳಿಸಲಿಲ್ಲ. ಹೊತ್ತು ಯಾರ ಕೈಯಲ್ಲಿದೆ ಅನ್ನುವುದೇ ಪ್ರಶ್ನೆ. ಓಟದ ಪುಸ್ತಕಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅವುಗಳ ರಸ್ತೆಯಲ್ಲಿ ಯಾವಾಗಲೂ ಒಬ್ಬನೇ ಮನುಷ್ಯ, ಅವನ ಎದೆಬಡಿತ, ಅವನ ಮನಸ್ಸು. ಪಕ್ಕದ ಹೊಲದಲ್ಲಿ ಯಾರು ಬಗ್ಗಿದ್ದಾರೆ, ಅವರು ಎಷ್ಟಕ್ಕೆ ಬಂದರು, ಎಷ್ಟಕ್ಕೆ ಬಿಡಬಹುದು, ನೀರು ಎಲ್ಲಿದೆ — ಇದು ಬರುವುದಿಲ್ಲ.

ಹಾಗಂತ ಮುರಕಾಮಿಯನ್ನು ಎಸೆಯಬೇಡಿ. ಪುಸ್ತಕ ಅದರ ಅಭಿಮಾನಿಗಳಿಗಿಂತ ಪ್ರಾಮಾಣಿಕ. ಮ್ಯಾರಥಾನ್ ಮುಗಿಸಿ ಮತ್ತೆ ಶುರು ಮಾಡಲಾಗದೆ ಒದ್ದಾಡುತ್ತಿರುವವರು ಗ್ರೀಸಿನ ಅಧ್ಯಾಯ ಬಿಟ್ಟು ಸರೋಮಾ ಸರೋವರದ ಅಧ್ಯಾಯ ಓದಿ. 1996ರ ಜೂನ್‌ನಲ್ಲಿ ಹೊಕ್ಕೈಡೊದಲ್ಲಿ ಆತ 100 ಕಿಲೋಮೀಟರ್ ಓಡುತ್ತಾನೆ. ತಾನು ಮನುಷ್ಯನಲ್ಲ, ಯಂತ್ರ ಅಂತ ತನಗೆ ತಾನೇ ಹೇಳಿಕೊಂಡು ಮುಗಿಸುತ್ತಾನೆ. ಆಮೇಲೆ ಏನಾಯಿತು? ಓಡುವ ಆಸೆಯೇ ಬತ್ತಿಹೋಯಿತು. ತಿಂಗಳುಗಟ್ಟಲೆ ಅಲ್ಲ, ವರ್ಷಗಟ್ಟಲೆ. ಅದಕ್ಕೆ ಆತ ರನ್ನರ್ಸ್ ಬ್ಲೂಸ್ ಅನ್ನುತ್ತಾನೆ, ಕಾರಣ ಪೂರ್ತಿ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಗ್ರೀಸಿನಲ್ಲಿ ಬಿಸಿಲನ್ನು ಗೆದ್ದವನ ಕತೆಗಿಂತ, ಗೆದ್ದ ಮೇಲೆ ಸೋತವನ ಈ ಕತೆ ನನಗೆ ಉಪಯೋಗಕ್ಕೆ ಬಂತು. ನನ್ನ ವಿಚಾರ ಇಷ್ಟೇ: ಯಂತ್ರ ಅಂದುಕೊಂಡು ಓಡಿದವನಿಗೆ ವಾಪಸ್ ಬರಲು ಬೇಕಾದದ್ದು ಇನ್ನೊಂದು ಮಂತ್ರ ಅಲ್ಲ, ನಿಧಾನ. ಆ ನಿಧಾನಕ್ಕೆ ಬೇಸಿಗೆಗಿಂತ ಒಳ್ಳೆಯ ಮೇಷ್ಟ್ರು ಇಲ್ಲ, ಅವನ ಮಾತು ಕೇಳಿದರೆ.

ಹೋದ ಭಾನುವಾರ ರಾಮದುರ್ಗದಲ್ಲಿ ಅತ್ತೆಯ ಮನೆಯಲ್ಲಿದ್ದೆ. ಮಲಪ್ರಭೆಯಲ್ಲಿ ನೀರು ತೀರ ಕಡಿಮೆ, ಕಲ್ಲುಗಳು ಮೇಲೆ ಎದ್ದಿದ್ದವು. ನಾಲ್ಕೂಕಾಲಿಗೆ ಹೊರಟು, ಪ್ರತಿ ಮೂರು ಕಿಲೋಮೀಟರಿಗೆ ನಿಂತು ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಆರೂ ನಲವತ್ತಕ್ಕೆ 18 ಮುಗಿಸಿದೆ. ಪ್ರತಿ ಕಿಲೋಮೀಟರಿಗೆ ಮುಂಬೈಗಿಂತ ಒಂದೂವರೆ ನಿಮಿಷ ನಿಧಾನ. ಸ್ಟ್ರಾವಾದಲ್ಲಿ ಹಾಕಿದಾಗ ಗ್ರೂಪಿನವನೊಬ್ಬ "ಏನ್ ಬ್ರೋ, ಇಂಜುರಿನಾ?" ಅಂತ ಕೇಳಿದ. ಇಲ್ಲ ಬ್ರೋ, ಬ್ಯಾಸಗಿ ಅಂದೆ.

ಮುಗಿಸಿ ಬರುವಾಗ ಊರ ಹೊರಗೆ ರಸ್ತೆ ಕೆಲಸ ನಡೆದಿತ್ತು. ಡಾಂಬರು ಕಾಯಿಸುವ ಒಲೆ ಆಗಷ್ಟೇ ಹೊತ್ತಿತ್ತು. ಏಳೆಂಟು ಜನ. ಅವರ ದಿನ ಶುರುವಾಗುವುದಿತ್ತು, ನನ್ನದು ಮುಗಿದಿತ್ತು. ಮಧ್ಯಾಹ್ನ ಎರಡಕ್ಕೆ ಅವರು ಎಲ್ಲಿರುತ್ತಾರೆ ಅಂತ ನನಗೆ ಗೊತ್ತಿತ್ತು.

ಅವತ್ತೇ ಸಂಜೆ ಮನೆಗೆ ವಾಪಸ್ ಬಂದೆ. ಅವ್ವ ಬೂಟನ್ನು ಬಾಗಿಲ ಹತ್ತಿರ ಇಟ್ಟಳು, ಬಚ್ಚಿಡಲಿಲ್ಲ.

"ನಾಳೆ ಎಷ್ಟಕ್ಕ ಎಬ್ಬಸ್ಲಿ?"

"ನಾಳೆ ಬ್ಯಾಡಬೇ, ಮೀಟಿಂಗ್ ಐತಿ. ನಾಡದ."

"ನಾಡದ ಎಷ್ಟಕ್ಕ?"

"ನಾಕಕ್ಕ."

"ಮೂರೂವರಿಗೆ ಎಬ್ಬಸ್ತೇನಿ" ಅಂದಳು.